ಮೊದಲು ಕುರ್ಚಿ, ಆಮೇಲೆ ಗೋಡೆ

ಕಡಿಮೆ ಖರ್ಚಿನಲ್ಲಿ ಹಾಲ್ ಅಲಂಕರಿಸುವುದು ಹೇಗೆ ಎಂದು ಹೇಳಿಕೊಡುವ ಬರಹಗಳನ್ನು ನಾನು ದುಡ್ಡು ತಗೊಂಡು ಅನುವಾದಿಸಿದ್ದೇನೆ, ಪದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಆದ್ದರಿಂದ ಈ ಲೇಖನದಲ್ಲಿ ಬೈಸಿಕೊಳ್ಳುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರಲಿ.

ಕೆಲವು ವರ್ಷಗಳ ಹಿಂದೆ ಪೀಠೋಪಕರಣ ಮಾರುವವರೊಬ್ಬರ ಇಡೀ ಕ್ಯಾಟಲಾಗ್ ಕನ್ನಡಕ್ಕೆ ಬರಬೇಕಿತ್ತು. ಅದರಲ್ಲಿ ‘ಅಕ್ಸೆಂಟ್ ಚೇರ್’ ಎಂಬ ಪದ ಸಿಕ್ಕಿತು. ಭಾಷಾವಿಜ್ಞಾನ ಓದಿದವಳಿಗೆ ಅಕ್ಸೆಂಟ್ ಅಂದರೆ ಮಾತಿನ ಒತ್ತು. ಕುರ್ಚಿಗೆ ಎಲ್ಲಿಯ ಒತ್ತು? ಕೇಳಿ ಮೇಲ್ ಬರೆದೆ. ಅದು ಮುಖ್ಯವಾಗಿ ಕೂರಲಿಕ್ಕಲ್ಲ, ಖಾಲಿ ಮೂಲೆ ಚೆನ್ನಾಗಿ ಕಾಣಲಿಕ್ಕೆ ಎಂಬರ್ಥದ ಉತ್ತರ ಬಂತು. ಕೂರಲಿಕ್ಕಲ್ಲದ ಕುರ್ಚಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಅರ್ಧ ದಿನ ತಲೆ ಕೆರೆದುಕೊಂಡು, ಕೊನೆಗೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದು ಕಳಿಸಿದೆ. ಅವತ್ತೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಆ ಕೆಲಸದಿಂದ ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಪುಣೆಯ ನಮ್ಮ ಒನ್ ಬಿಎಚ್‌ಕೆ ಬಾಡಿಗೆ ಮನೆಯ ಹಾಲನ್ನು ನಾನೇ ಅನುವಾದಿಸಿದ ಸಲಹೆಗಳ ಪ್ರಕಾರ ಸಿಂಗರಿಸಿದೆ.

ಖರ್ಚಿನ ಲೆಕ್ಕ ಹೇಳುತ್ತೇನೆ. ಮೂರು ಜನ ಕೂರುವ ಸೋಫಾ 19,000. ಟಿವಿ ಯುನಿಟ್ 7,500. ನೆಲಕ್ಕೊಂದು ರಗ್ 2,500. ಫೋಟೋ ಫ್ರೇಮುಗಳು ಮತ್ತು ಮೊಳೆ ಹೊಡೆಯದೆ ಗೋಡೆಗೆ ಅಂಟಿಸುವ ಪಟ್ಟಿಗಳು 1,800. ಕುಶನ್ ಕವರ್ 1,500. ದೀಪದ ಸರ 700. ಒಟ್ಟು 33,000 ರೂಪಾಯಿ. ಇದನ್ನು ಅವರು ‘ಬಜೆಟ್’ ಅನ್ನುತ್ತಾರೆ. ಫೋಟೋ ತೆಗೆದು ಊರಿಗೆ ಕಳಿಸಿದಾಗ ಎಲ್ಲರೂ ಮೆಚ್ಚಿದರು.

ಆಮೇಲೆ ಧಾರವಾಡದಿಂದ ಅಪ್ಪ ಬಂದರು. ವಯಸ್ಸು ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ನೋವು. ಸೋಫಾದ ಮೇಲೆ ಕೂತರು, ಮೆತ್ತಗೆ ಒಳಗಿಳಿದರು. ಏಳಲು ಆಗಲಿಲ್ಲ. ಕೈ ಊರಲು ಗಟ್ಟಿ ತೋಳಿಲ್ಲ, ಕೂರುವ ಎತ್ತರ ನೆಲದಿಂದ ಹದಿನೈದು ಇಂಚೂ ಇರಲಿಲ್ಲ. ನಾನೂ ನನ್ನ ಗಂಡನೂ ಆಚೀಚೆ ನಿಂತು ಎಬ್ಬಿಸಿದೆವು. “ಯವ್ವಾ, ಕುಂದ್ರಾಕೇನೋ ಚಲೋ ಐತಿ, ಏಳಾಕ ಎರಡು ಆಳು ಬೇಕು ನೋಡು” ಅಂದು ನಕ್ಕರು. ಆಮೇಲೆ ಅವರು ಇದ್ದ ಹನ್ನೆರಡು ದಿನವೂ ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ಬಾಲ್ಕನಿ ಬಾಗಿಲಿಗೆ ಎಳೆದುಕೊಂಡು ಅದರ ಮೇಲೆಯೇ ಕೂತರು. ಹಾಲ್ ಫೋಟೋದಲ್ಲಿ ಇದ್ದ ಹಾಗೆಯೇ ಇತ್ತು. ಅಪ್ಪ ಅದರ ಅಂಚಿನಲ್ಲಿದ್ದರು.

ಇನ್ನೊಬ್ಬರಿದ್ದರು. ಕಲಬುರಗಿ ಕಡೆಯ ಹೆಂಗಸು, ನಮ್ಮ ಸೊಸೈಟಿಯಲ್ಲಿ ಮೂರು ಮನೆಗಳ ಕೆಲಸ ಮಾಡುವವರು. ಪುಣೆಯಲ್ಲಿ ದಿನಕ್ಕೊಮ್ಮೆ ನಾನು ಬಾಯಿತುಂಬ ಕನ್ನಡ ಮಾತಾಡುತ್ತಿದ್ದುದು ಅವರ ಜೊತೆಗೇ. ಕೆಲಸ ಮುಗಿದ ಮೇಲೆ ಚಹಾ ಕೊಟ್ಟರೆ ಸೋಫಾದ ಪಕ್ಕ ಬರಿ ನೆಲದ ಮೇಲೆ, ರಗ್ಗಿನ ಮೇಲೂ ಅಲ್ಲ, ಕೂತು ಕುಡಿಯುತ್ತಿದ್ದರು. ಮೇಲೆ ಕೂತುಕೊಳ್ಳಿ ಅಂದರೆ “ಇಲ್ಲೇ ಛಲೋ ಅದ ಬಿಡ್ರಿ ಅಕ್ಕಾ” ಅನ್ನುತ್ತಿದ್ದರು. ನಾನೂ ಎರಡನೇ ಸಲ ಒತ್ತಾಯಿಸುತ್ತಿರಲಿಲ್ಲ. ಯಾಕೆ ಒತ್ತಾಯಿಸಲಿಲ್ಲ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರ ನಾಚಿಕೆಗೇಡಿನದು: ಸೋಫಾದ ಬಟ್ಟೆ ಕೆನೆ ಬಣ್ಣದ್ದು, ಕಲೆ ಬಿದ್ದರೆ ಹೋಗುವುದಿಲ್ಲ.

ನನ್ನ ತಕರಾರು ಇಲ್ಲಿಂದ ಹುಟ್ಟಿದ್ದು. ಹಾಲ್ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿ ಯಾರು ಕೂರುತ್ತಾರೆ ಎಂಬುದು. ಎರಡನೆಯದು, ಅವರು ಹೇಗೆ ಏಳುತ್ತಾರೆ ಎಂಬುದು. ಬಜೆಟ್ ಅಲಂಕಾರದ ಸಲಹೆಗಳು ಈ ಎರಡನ್ನೂ ಬಿಟ್ಟು ಗೋಡೆಯಿಂದ ಶುರುವಾಗುತ್ತವೆ. ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತವನಿಗೆ ಕೋಣೆ ಹೇಗೆ ಕಾಣುತ್ತದೆ ಎಂಬುದೇ ಅವುಗಳ ಚಿಂತೆ. ನಾನು ಅನುವಾದಿಸಿದ ನೂರಾರು ವಿವರಣೆಗಳಲ್ಲಿ ‘ಲುಕ್’ ಎಂಬ ಪದಕ್ಕೆ ಸಮಾನ ಪದ ಹುಡುಕಿ ಹುಡುಕಿ ಸುಸ್ತಾಗಿದ್ದೆ. ಕೂರುವ ಜಾಗ ನೆಲದಿಂದ ಎಷ್ಟು ಎತ್ತರ ಎಂಬುದು ಕೊನೆಯ ಸಾಲಿನ ಸಣ್ಣಕ್ಷರದಲ್ಲಿ ಇರುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲ.

ಹೋಗಲಿ, ಖರ್ಚಾದರೂ ಕಡಿಮೆಯೇ? ಪರವೂರಿನಲ್ಲಿರುವ ನಮ್ಮಲ್ಲಿ ಬಹಳಷ್ಟು ಮಂದಿ ಬಾಡಿಗೆ ಮನೆಯವರು, ಹನ್ನೊಂದು ತಿಂಗಳ ಜನ. ಈ ಹನ್ನೊಂದರ ಮೂಲ 1908ರ ನೋಂದಣಿ ಕಾಯ್ದೆ: ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕು ಎಂದು ಅದರ 17ನೇ ಕಲಂ ಹೇಳುತ್ತದೆ, ಅದನ್ನು ತಪ್ಪಿಸಲು ಹನ್ನೊಂದು ತಿಂಗಳ ಕರಾರು ರೂಢಿಯಾಯಿತು. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆ ಎಲ್ಲ ಲೀವ್ ಅಂಡ್ ಲೈಸೆನ್ಸ್ ಕರಾರುಗಳನ್ನೂ ನೋಂದಾಯಿಸಬೇಕು ಅನ್ನುತ್ತದೆ. ಆದರೂ ಹನ್ನೊಂದರ ಚಾಳಿ ಹೋಗಿಲ್ಲ. ನಮ್ಮ ಮಾಲೀಕರ ಮಗ ವಾಪಸ್ ಬರುತ್ತಾನೆಂದು ಹನ್ನೊಂದನೇ ತಿಂಗಳಿಗೆ ನಾವೂ ಗಂಟುಮೂಟೆ ಕಟ್ಟಿದೆವು.

ಟೆಂಪೋ ಬಂದ ದಿನ ಬಜೆಟ್ಟಿನ ಬಣ್ಣ ಬಯಲಾಯಿತು. ಟಿವಿ ಯುನಿಟ್ಟು ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರನ್ನೂ ಹೊಟ್ಟನ್ನೂ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಸ್ಕ್ರೂ ಒಮ್ಮೆ ಬಿಚ್ಚಿದರೆ ತೂತು ಸಡಿಲ, ಮತ್ತೆ ಬಿಗಿ ಹಿಡಿಯುವುದಿಲ್ಲ. ಮಳೆಗಾಲದ ತೇವಕ್ಕೆ ಅದರ ಕೆಳಗಿನ ಅಂಚು ಆಗಲೇ ಉಬ್ಬಿತ್ತು. ಭಂಗಾರದವ ಅದನ್ನು ಪುಕ್ಕಟೆ ಒಯ್ಯಲೂ ಹಿಂದೆಮುಂದೆ ನೋಡಿದ. ಸೋಫಾ ಹೊಸ ಮನೆಯ ಲಿಫ್ಟಿಗೆ ಹಿಡಿಸುವಂತಿರಲಿಲ್ಲ, 6,000ಕ್ಕೆ ಹೋಯಿತು. ಮೊಳೆ ಬೇಡ ಎಂದು ಅಂಟಿಸಿದ್ದ ಪಟ್ಟಿಗಳು ಅಗ್ಗದ ಡಿಸ್ಟೆಂಪರನ್ನು ಹಪ್ಪಳದ ಹಾಗೆ ಕಿತ್ತುಕೊಂಡು ಬಂದವು. ಬಣ್ಣದ ಖರ್ಚೆಂದು ಡಿಪಾಜಿಟ್ಟಿನಲ್ಲಿ 8,000 ಮುರಿದುಕೊಂಡರು. ಅಂದರೆ 33,000 ಕೊಟ್ಟು, 6,000 ಪಡೆದು, ಮತ್ತೆ 8,000 ಕಳೆದುಕೊಂಡೆ. ಒಂದು ರಗ್ಗು ಮತ್ತು ನಾಲ್ಕು ಕುಶನ್ ಕವರು ಕೈಯಲ್ಲುಳಿದವು. ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ 3 ಸಾವಿರಕ್ಕೂ ಹೆಚ್ಚು. ಮನೆ ಬಾಡಿಗೆಯ ಮೇಲೆ ಅಂದಕ್ಕೂ ಬಾಡಿಗೆ ಕಟ್ಟಿದ ಹಾಗಾಯಿತು.

ಬಾಡಿಗೆದಾರನ ಬಜೆಟ್ ಅಂಗಡಿಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ವಸ್ತುವಿನ ಬೆಲೆ, ಅದನ್ನು ಸಾಗಿಸುವ ಖರ್ಚು, ಗೋಡೆಗೆ ಅದು ಮಾಡುವ ಗಾಯ ಮೂರೂ ಸೇರಿದರೆ ನಿಜವಾದ ಬೆಲೆ. ಈ ಲೆಕ್ಕ ಹಾಕಿದರೆ ‘ಅಗ್ಗ’ದ ಅರ್ಧ ವಸ್ತುಗಳು ಅಂಗಡಿಯಲ್ಲೇ ಉಳಿಯುತ್ತವೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ: ಹಾಗಾದರೆ ಬಾಡಿಗೆ ಮನೆಯವರು ಧರ್ಮಶಾಲೆಯಲ್ಲಿ ಇದ್ದಂತೆ ಇರಬೇಕೇ? ದುಡ್ಡಿಲ್ಲದವರಿಗೆ ಚೆಂದದ ಹಕ್ಕಿಲ್ಲವೇ? ಇದೆ. ಖಂಡಿತ ಇದೆ. ಅಲಂಕಾರವೇ ದಂಡ ಎನ್ನುವ ಒಣ ವೇದಾಂತ ನನಗೂ ಆಗದು. ಆದರೆ ಚೆಂದಕ್ಕೆ ನಮ್ಮ ಭಾಷೆಯಲ್ಲಿ ಒಪ್ಪ, ಓರಣ ಎಂಬ ಮಾತೂ ಇದೆ. ಅದು ಕೊಳ್ಳುವ ವಿಷಯವಲ್ಲ, ದಿನಾ ಮಾಡುವ ವಿಷಯ. ಹೊಸ್ತಿಲ ಮುಂದಿನ ರಂಗೋಲಿ ಸಂಜೆಯೊಳಗೆ ಅಳಿಸಿಹೋಗುತ್ತದೆ, ಬೆಳಗ್ಗೆ ಮತ್ತೆ ಬರುತ್ತದೆ. ಅದಕ್ಕೆ ಯಾವ ಮಾಲೀಕನೂ ಡಿಪಾಜಿಟ್ ಮುರಿದುಕೊಂಡದ್ದಿಲ್ಲ.

ಇನ್ನೊಂದು ಗುಂಪು ನಮ್ಮೊಳಗೇ ಇದೆ, ಅವರ ಮೇಲೆ ನನಗೆ ಹೆಚ್ಚು ಸಿಟ್ಟು. “ನಮ್ಮ ಬೇರು” ಎಂದು ಹಾಲಿನಲ್ಲಿ ಒಂದು ಕರ್ನಾಟಕ ಮೂಲೆ ಮಾಡುವವರು. ಗೋಡೆಗೆ ಯಕ್ಷಗಾನದ ಮುಖ, ಗೂಡಿನಲ್ಲಿ ಚನ್ನಪಟ್ಟಣದ ಗೊಂಬೆ, ಮಕ್ಕಳು ಮುಟ್ಟಿದರೆ ಗದರಿಕೆ. ಆಡಲಿಕ್ಕೆಂದೇ ಅರಗಿನ ಬಣ್ಣ ಹಾಕಿ ತಿರುಗಣಿಯಲ್ಲಿ ನುಣುಪಾಗಿಸಿದ ಗೊಂಬೆ ಅದು! ನಮ್ಮ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಮನೆಯಲ್ಲೇ ನಿಲುವು ಮಗ್ಗ ಹೂಡಿ ಜಮಖಾನ ನೇಯುತ್ತಾರೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದನ್ನು ಗೋಡೆಗೆ ತೂಗುಹಾಕಿದ ಮನೆಗಳನ್ನು ನೋಡಿದ್ದೇನೆ. ಜಮಖಾನ ಹಾಸುವುದು ಹತ್ತು ಜನ ಕೂರಲಿಕ್ಕೆ. ಗೋಡೆಗೆ ಏರಿಸಿದರೆ ಆ ಹತ್ತು ಜನರನ್ನು ಎಬ್ಬಿಸಿ ಕಳಿಸಿದಂತೆ.

ಬಜೆಟ್ ಎಂಬ ಮಾತು ಇಲ್ಲಿ ಇನ್ನೂ ಅಪಾಯಕಾರಿ. ಕೈಮಗ್ಗದ ಜಮಖಾನ ದುಬಾರಿ ಅನ್ನಿಸಿದರೆ, ಅದೇ ನಕ್ಷೆಯನ್ನು ಯಂತ್ರದಲ್ಲಿ ಅಚ್ಚು ಹಾಕಿದ ಪಾಲಿಯೆಸ್ಟರ್ ಹಾಸು ‘ಎಥ್ನಿಕ್’ ಹೆಸರಿನಲ್ಲಿ ಕಾಲುಭಾಗ ಬೆಲೆಗೆ ಸಿಗುತ್ತದೆ. ಉಳಿದದ್ದು ಯಾರ ಕೂಲಿ ಎಂದು ಯೋಚಿಸಿ. ಮಿತವ್ಯಯ ಅಂದರೆ ವಸ್ತು ಕಡಿಮೆ ಕೊಳ್ಳುವುದು, ಕೊಂಡದ್ದಕ್ಕೆ ಪೂರ್ತಿ ಬೆಲೆ ಕೊಡುವುದು. ಮೂರು ನಕಲಿಗಿಂತ ಒಂದು ಅಸಲಿ ಸಾಕು. ಅದೂ ಆಗದಿದ್ದರೆ ಊರಿನ ಕೌದಿ ತನ್ನಿ. ಹಳೆ ಸೀರೆ, ಹಳೆ ಅಂಗಿ ಸೇರಿಸಿ ಹೊಲಿದ ಕೌದಿಯ ಮೇಲೆ ಚಹಾ ಚೆಲ್ಲಿದರೆ ಯಾರ ಜೀವವೂ ಹೋಗುವುದಿಲ್ಲ.

ಹಾಗೆಂದು ಹಳೆಯ ಪಡಸಾಲೆಯ ಹಾಡು ಹಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಧಾರವಾಡದ ನಮ್ಮಜ್ಜನ ಮನೆಯ ಪಡಸಾಲೆಯಲ್ಲಿ ಯಾರು ಜಮಖಾನದ ಮೇಲೆ, ಯಾರು ಬರಿ ನೆಲದ ಮೇಲೆ, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದು ಜಾತಿಯಿಂದ ತೀರ್ಮಾನವಾಗುತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಪಡಸಾಲೆ, ಹಜಾರ, ಚಾವಡಿ ಎಂಬ ಚೆಂದದ ಪದಗಳನ್ನು ಮತ್ತೆ ಬಳಕೆಗೆ ತರೋಣ ಅನ್ನುವ ಗೆಳೆಯರಿಗೆ ನಾನು ಇದನ್ನೇ ಹೇಳುವುದು. ಬಿಎಚ್‌ಕೆಯ ‘ಎಚ್’ ನನಗೆ ಸಾಕು. ಹಾಲ್ ಈಗ ಕನ್ನಡ ಪದವೇ, ಮೇಲಾಗಿ ಅದಕ್ಕೆ ಅಂಥ ನೆನಪುಗಳಿಲ್ಲ. ಆದರೆ ನಾನು ಮಾಡಿದ್ದೇನು? ಯಾರೂ ಬಾಯಿಬಿಟ್ಟು ಹೇಳದೆಯೇ ಒಬ್ಬ ಹೆಂಗಸು ಬರಿ ನೆಲದ ಮೇಲೆ ಕೂರುವಂಥ ಕೋಣೆಯನ್ನು 33,000 ಕೊಟ್ಟು ಹೊಸದಾಗಿ ಕಟ್ಟಿದೆ. ಅಜ್ಜನ ಮನೆಯ ಕಟ್ಟಳೆಯನ್ನು ಕೆನೆ ಬಣ್ಣದ ಬಟ್ಟೆ ಪಾಲಿಸಿತು.

ಈಗ ಏನು ಮಾಡಿದ್ದೇನೆ ಎಂದು ಹೇಳದಿದ್ದರೆ ಬರಿ ಬೈದ ಹಾಗಾಗುತ್ತದೆ. ಮೊದಲು ಕುರ್ಚಿ. ಹಳೆ ಸಾಮಾನಿನ ಅಂಗಡಿಯಲ್ಲಿ ತೋಳಿರುವ ನಾಲ್ಕು ಸಾಗುವಾನಿ ಕುರ್ಚಿ ಸಿಕ್ಕವು, ಒಂದಕ್ಕೆ 1,200. ಬಡಿಗನಿಂದ ಕಾಲು ಬಿಗಿ ಮಾಡಿಸಿ ಪಾಲಿಶ್ ಹಾಕಿಸಲು 1,600. ಕೂರುವ ಎತ್ತರ ಹದಿನೆಂಟು ಇಂಚು. ಟೇಪು ಹಿಡಿದು ಅಳೆದು ಕೊಂಡೆ, ಅಂಗಡಿಯವ ನಕ್ಕರೂ ಬಿಡಲಿಲ್ಲ. ಸಾಗುವಾನಿಯನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದರೂ, ಉಜ್ಜಿ ಮೆರುಗು ಹಾಕಿದರೂ ತಾಳುತ್ತದೆ. ನಿಮ್ಮ ಊರಲ್ಲೂ ಇಂಥ ಜಾಗ ಇದೆ: ಪುಣೆಯಲ್ಲಿ ಜುನಾ ಬಜಾರ್, ಮುಂಬಯಿಯಲ್ಲಿ ಓಶಿವಾರಾ, ದೆಹಲಿಯಲ್ಲಿ ಅಮರ್ ಕಾಲೋನಿ, ಹೈದರಾಬಾದಿನಲ್ಲಿ ಜುಮ್ಮೇರಾತ್ ಬಜಾರ್. ಚೌಕಾಶಿ ಮಾಡಲು ಹಿಂಜರಿಯಬೇಡಿ, ಕುರ್ಚಿಯ ಕೆಳಗೆ ಬಗ್ಗಿ ಗೆದ್ದಲು ಹಿಡಿದಿದೆಯೇ ಎಂದು ನೋಡಲು ಮರೆಯಬೇಡಿ.

ಎರಡನೆಯದು ಗಾದಿ. ಮರದ ದಿವಾನದ ಮೇಲೆ ಹತ್ತಿಯ ಗಾದಿ ಹಾಕಿದ್ದೇವೆ. ಹಗಲು ಕೂರಲು, ರಾತ್ರಿ ಬಂದವರು ಮಲಗಲು. ಫೋಮ್ ಕುಸಿದರೆ ಎಸೆಯಬೇಕು. ಹತ್ತಿ ಗಂಟುಗಟ್ಟಿದರೆ ಮತ್ತೆ ಹಿಂಜಿಸಿ ಅದೇ ಹತ್ತಿ ತುಂಬಿಸಬಹುದು.

ಮೂರನೆಯದು ಬೆಳಕು. ಹಾಲ್ ಆಸ್ಪತ್ರೆಯ ಹಾಗೆ ಕಾಣಲು ಅರ್ಧ ಕಾರಣ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಎಂದಿರುವುದನ್ನು ಕೇಳಿ ತನ್ನಿ, ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅದನ್ನು ಸೂರಿನಲ್ಲಿ ಹಾಕದೆ ಕೂತವರ ಭುಜದ ಎತ್ತರದ ಒಂದು ಟೇಬಲ್ ಲ್ಯಾಂಪಿನಲ್ಲಿ ಹಾಕಿ. ಇಡೀ ಕ್ಯಾಟಲಾಗಿನಲ್ಲಿ ನಾನು ಅನುವಾದಿಸಿದ ಸಲಹೆಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ. ಗೋಡೆ ಖಾಲಿ ಇದೆ. ಖಾಲಿ ಗೋಡೆಗೆ ಯಾರೂ ಹೆದರಬೇಕಾಗಿಲ್ಲ.

ಕಳೆದ ದೀಪಾವಳಿಗೆ ಅಪ್ಪ ಮತ್ತೆ ಬಂದಿದ್ದರು. ತೋಳಿನ ಮೇಲೆ ಕೈಯೂರಿ ತಾವೇ ಎದ್ದರು, ಆ ಬಗ್ಗೆ ಏನೂ ಹೇಳಲಿಲ್ಲ. ಕಲಬುರಗಿಯ ಅಕ್ಕನ ಕತೆ ಅಷ್ಟು ಸಲೀಸಲ್ಲ. ಹೊಸ ಮನೆ ಹತ್ತಿರವೇ ಇರುವುದರಿಂದ ಇಲ್ಲಿಗೂ ಅವರೇ ಬರುತ್ತಾರೆ. ಮೊದಲ ವಾರ ನೆಲದ ಮೇಲೆಯೇ ಕೂತರು. ಈ ಸಲ ನಾನು ಎರಡನೇ ಸಲ ಕರೆದೆ, ಮೂರನೇ ಸಲವೂ ಕರೆದೆ. ಈಗ ಕುರ್ಚಿಯ ತುದಿಯಲ್ಲಿ, ಎದ್ದು ಹೋಗಲು ಸಿದ್ಧರಾದವರಂತೆ ಕೂರುತ್ತಾರೆ. ಕುರ್ಚಿಯೊಂದರಿಂದ ಎಲ್ಲ ಸರಿಹೋಯಿತು ಎಂದು ಹೇಳುವಷ್ಟು ಮೂರ್ಖಳಲ್ಲ ನಾನು. ಆದರೆ ಕೂರುವ ಜಾಗವೇ ಇಲ್ಲದ ಕೋಣೆಯಲ್ಲಿ ಕರೆಯುವ ಮಾತಿಗೂ ಅರ್ಥವಿರುವುದಿಲ್ಲ.

ನಿಮ್ಮ ಹಾಲಿಗೆ ಏನಾದರೂ ಕೊಳ್ಳುವ ಮುಂಚೆ ಒಂದು ಹಾಳೆಯಲ್ಲಿ ಕಳೆದ ತಿಂಗಳು ನಿಮ್ಮ ಮನೆಗೆ ಬಂದವರ ಹೆಸರು ಬರೆಯಿರಿ. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡಬೇಡಿ. ಅವರಲ್ಲಿ ಯಾರು ಎಲ್ಲಿ ಕೂತರು, ಯಾರು ನಿಂತೇ ಹೋದರು ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಅಂಗಡಿಗೆ ಹೋಗಿ.