ಇಬ್ಬರ ಮಾತು ಊರ ಪಾಲಾಗದಿರಲಿ

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ ಕಾಸರಗೋಡಿಗೆ ದೂರದ್ದಾದರೂ ಪರಕೀಯವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು. ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿದರೂ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಅಲ್ಲಿಯೂ ಮನೆಮಾತು ಕನ್ನಡ, ಕಚೇರಿಯ ಮಾತು ಬೇರೆ. ಎಲ್ಲರೂ ಎಲ್ಲರನ್ನೂ ಬಲ್ಲ ಇಂಥ ಸಣ್ಣ ಸಮಾಜಗಳಿಗೆ ಮೊಬೈಲು ತಂದಿರುವ ಸಂಕಟವೊಂದರ ಬಗೆಗೆ ಎರಡೂ ಕಡೆಯ ಕನ್ನಡ ಕುಟುಂಬಗಳು ಯೋಚಿಸಬೇಕಾಗಿದೆ.

ಹುಡುಗ ಹುಡುಗಿ ಜತೆಯಾಗಿ ಕಂಡರೆ ಸುದ್ದಿಯಾಗುವುದು ಹೊಸತಲ್ಲ. ಆದರೆ ಹಿಂದೆ ಅದು ಕೆಲವರ ಬಾಯಲ್ಲಿ ಸುಳಿದಾಡಿ ಮರೆಯಾಗುತ್ತಿತ್ತು. ಇಂದು ಸತ್ಯಮಂಗಲದಲ್ಲಿ ಓದುವ ಹುಡುಗಿ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಮನೆ ಸೇರುವ ಮೊದಲೇ ಅವಳ ಚಿತ್ರ ಬಂಧುಗಳ ವಾಟ್ಸಾಪ್ ಗುಂಪು ಸೇರಬಲ್ಲದು. ಆ ಘಾಟಿಯಲ್ಲಿ ರಾತ್ರಿ ವಾಹನಗಳಿಗೆ 2022ರಲ್ಲಿ ನಿರ್ಬಂಧ ಬಂತು. ಚಿತ್ರಕ್ಕೆ ಯಾವ ತಡೆಯೂ ಇಲ್ಲ.

ಕೇರಳದಲ್ಲೇ ನಡೆದುದನ್ನು ನೋಡೋಣ. 1954ರ ವಿಶೇಷ ವಿವಾಹ ಕಾಯಿದೆಯಂತೆ ಮದುವೆಗೆ 30 ದಿನ ಮೊದಲು ನೋಟೀಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. ನೋಂದಣಿ ಇಲಾಖೆ ಇದನ್ನು ಅಂತರ್ಜಾಲದಲ್ಲೂ ಹಾಕತೊಡಗಿತ್ತು. ಅನ್ಯಮತೀಯ ಜೋಡಿಗಳ ನೋಟೀಸುಗಳನ್ನು ಕೆಲವರು ಜಾಲತಾಣಗಳಲ್ಲಿ ಹಬ್ಬಿಸಿ ದ್ವೇಷ ಬಿತ್ತಿದಾಗ, 2020ರ ಜುಲೈಯಲ್ಲಿ ಸರಕಾರ ಆ ಪದ್ಧತಿಯನ್ನು ನಿಲ್ಲಿಸಿತು. ನೋಟೀಸಿನ ಅಕ್ಷರ ಬದಲಾಗಿರಲಿಲ್ಲ. ಅದನ್ನು ಓದುವವರು ಯಾರು, ಏತಕ್ಕೆ ಎಂಬುದು ಬದಲಾಗಿತ್ತು.

ಮಕ್ಕಳ ಬಗೆಗೆ ಹೆತ್ತವರಿಗಿರುವ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. ಮಗಳು ಯಾರೊಂದಿಗಿದ್ದಾಳೆಂದು ತಂದೆ ತಾಯಿ ಕೇಳುವುದು ಬೇರೆ, ಊರೇ ಅವಳ ಫೋನು ಜಾಲಾಡುವುದು ಬೇರೆ. ಪೊಲ್ಲಾಚಿಯಲ್ಲಿ ಯುವತಿಯರನ್ನು ಸ್ನೇಹದ ಹೆಸರಲ್ಲಿ ಕರೆದೊಯ್ದು, ಬಲಾತ್ಕರಿಸಿ, ವೀಡಿಯೋ ತೆಗೆದು ಬೆದರಿಸುತ್ತಿದ್ದ ತಂಡ 2019ರಲ್ಲಿ ಬಯಲಾಯಿತು. 2025ರ ಮೇ 13ರಂದು ಕೊಯಮತ್ತೂರಿನ ಮಹಿಳಾ ನ್ಯಾಯಾಲಯ ಒಂಬತ್ತು ಮಂದಿಗೆ ಸಾಯುವವರೆಗಿನ ಸೆರೆವಾಸ ವಿಧಿಸಿತು. ಇಂಥ ದುರುಳರ ಕೈಯಲ್ಲಿರುವ ಆಯುಧ ಮೊಬೈಲೊಂದೇ ಅಲ್ಲ. 'ಮನೆಯಲ್ಲಿ ಗೊತ್ತಾದರೆ ಗತಿಯೇನು' ಎಂಬ ಹೆಣ್ಣುಮಕ್ಕಳ ಭಯವೇ ಅವರ ದೊಡ್ಡ ಬಂಡವಾಳ. ಆ ಬಂಡವಾಳವನ್ನು ಒದಗಿಸುತ್ತಿರುವವರು ಮರ್ಯಾದೆಯ ಹೆಸರು ಹೇಳುವ ನಾವೇ ಎಂಬುದು ಕಹಿಯಾದರೂ ಸತ್ಯ.

ಕಾನೂನು ಸುಮ್ಮನಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ, ಖಾಸಗಿ ಕ್ಷಣದ ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಅದನ್ನು ಇತರರಿಗೆ ಹಂಚಲು ಒಪ್ಪಿರದಿದ್ದರೆ, ಹಂಚುವುದು ಅಪರಾಧ. ನಂಬಿ ಕೊಟ್ಟದ್ದು ಊರಿಗೆ ಕೊಟ್ಟಂತಲ್ಲ ಎಂಬುದೇ ಇದರ ತಿರುಳು.

ಆದರೆ ಈ ರಕ್ಷಣೆ ಪಡೆಯಲು ಠಾಣೆಯ ಮೆಟ್ಟಿಲು ಹತ್ತಬೇಕು. ಅಲ್ಲಿ ನಮ್ಮವರಿಗೆ ಭಾಷೆಯ ತೊಡಕು ಎದುರಾಗುತ್ತದೆ. ಬಾಯಿಬಿಡಲೂ ನಾಚುವ ವಿಷಯವನ್ನು ಹುಡುಗಿ ಪರಭಾಷೆಯಲ್ಲಿ, ಇಲ್ಲವೇ ಊರಿನವರೊಬ್ಬರನ್ನು ದುಭಾಷಿಯಾಗಿ ಕರೆದೊಯ್ದು ಹೇಳಬೇಕಾದರೆ, ಗುಟ್ಟು ಠಾಣೆಯಲ್ಲೇ ರಟ್ಟಾಗುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ನಮಗೆ ಕೊಟ್ಟಿದೆ. ಕಾಸರಗೋಡು, ಮಂಜೇಶ್ವರಗಳ ಠಾಣೆಗಳಲ್ಲಿ ಕನ್ನಡ ಬಲ್ಲ ಮಹಿಳಾ ಪೊಲೀಸರು ಸದಾ ಲಭ್ಯರಿರುವಂತೆ ಸರಕಾರ ನೋಡಿಕೊಳ್ಳಬೇಕು. ತಾಳವಾಡಿಯ ಕನ್ನಡಿಗರಿಗೂ ಇದೇ ಸೌಲಭ್ಯವನ್ನು ತಮಿಳುನಾಡು ಸರಕಾರ ಒದಗಿಸಲಿ.

ಉಳಿದದ್ದು ಮನೆಯವರ ಪಾಲಿನ ಕೆಲಸ. ಇಂಥ ಚಿತ್ರ ಕೈಗೆ ಬಂದರೆ ಮುಂದಕ್ಕೆ ಕಳುಹಿಸದಿರುವುದು ಮೊದಲ ಕರ್ತವ್ಯ. 'ತಪ್ಪಾಗಿದ್ದರೂ ನಮ್ಮಲ್ಲಿಗೇ ಬಾ' ಎಂದು ಮಕ್ಕಳಿಗೆ ಮೊದಲೇ ಹೇಳಿಡುವುದು ಎರಡನೆಯದು. ಹೀಗೆ ಹೇಳಿದ ಮನೆಯ ಮಗಳನ್ನು ಬೆದರಿಸುವುದು ಯಾರಿಗೂ ಸುಲಭವಲ್ಲ.