ದ್ರಾಕ್ಷಿಗೂ ಕುಲವುಂಟೆ?

ಮದಲೂರಿನಿಂದ ಶಿರಾ ಪೇಟೆಗೆ ಬಂದ ಗೃಹಿಣಿ ಮಕ್ಕಳಿಗೆಂದು ಕೊಂಡೊಯ್ಯುವ ಕಪ್ಪು ದ್ರಾಕ್ಷಿಗೆ ಬೆಂಗಳೂರು ನೀಲಿ ಎಂದು ಹೆಸರು. ಬೆರಳಿನಲ್ಲಿ ಅದುಮಿದರೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ. ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬುಟ್ಟಿಯಲ್ಲಿಟ್ಟರೆ ಮನೆಯೆಲ್ಲ ಪರಿಮಳ. ಆದರೂ ಬೀಜವಿಲ್ಲದ ದ್ರಾಕ್ಷಿಯ ಮುಂದೆ ಇದಕ್ಕೆ ಮರ್ಯಾದೆ ಕಡಮೆ. ಈ ಹಣ್ಣಿನ ಬಳಗ ಯೂರೋಪಿನಲ್ಲಿ ಪಟ್ಟ ಪಾಡನ್ನು ಬಲ್ಲವರು ವಿರಳ.

ಶಾಸ್ತ್ರಜ್ಞರು ಇದನ್ನು ಅಮೆರಿಕದ ಇಸಬೆಲ್ಲಾ ತಳಿಯೊಡನೆ ಸೇರಿಸುತ್ತಾರೆ. 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಆ ತಳಿ ಯೂರೋಪನ್ನು ಸೇರಿತ್ತು. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳೊಡನೆ ಬಂದ ಫಿಲಾಕ್ಸೆರಾ ಎಂಬ ಹೇನು ಬೇರನ್ನು ಹೀರಿ ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿತು. ರೋಗ ಬಂದ ನಾಡಿನಿಂದಲೇ ಮದ್ದೂ ಬಂದಿತು. ಹೇನಿಗೆ ಜಗ್ಗದ ಅಮೆರಿಕದ ಬೇರಿಗೆ ಯೂರೋಪಿನ ಕುಡಿಯನ್ನು ಕಸಿಮಾಡಿದರು. ಕಸಿಗೂ ಔಷಧಕ್ಕೂ ಹಣವಿಲ್ಲದ ಸಣ್ಣ ರೈತರು ಅಮೆರಿಕದ ಬಳ್ಳಿಗಳನ್ನೇ ಬೆಳೆದು, ಅದರ ಹಣ್ಣಿನಿಂದ ಮನೆಮಟ್ಟಿಗೆ ಮದ್ಯ ಮಾಡಿಕೊಂಡರು.

1930ರ ದಶಕದಲ್ಲಿ ಫ್ರಾನ್ಸಿನಲ್ಲಿ ಮದ್ಯ ಅತಿಯಾಗಿ ತಯಾರಾಗಿ ಬೆಲೆ ಕುಸಿಯಿತು. 1934ರ ಡಿಸೆಂಬರಿನಲ್ಲಿ ಇಸಬೆಲ್ಲಾ ಸೇರಿದಂತೆ ಆರು ಅಮೆರಿಕನ್ ತಳಿಗಳ ಮೇಲೆ ಕಾನೂನಿನ ಕತ್ತಿ ಬಿದ್ದಿತು. ವಾಸನೆ ಹೀನ, ಮೈಗೆ ಅಪಾಯ ಎಂಬ ಅಪವಾದವೂ ಅವುಗಳ ತಲೆಗೆ ಬಂದಿತು.

ಆದರೆ ಹಳ್ಳಿಗರು ಅಷ್ಟು ಸುಲಭವಾಗಿ ಬಳ್ಳಿಯನ್ನು ಬಿಟ್ಟುಕೊಡಲಿಲ್ಲ. ಆಸ್ಟ್ರಿಯದ ದಕ್ಷಿಣ ಬುರ್ಗೆನ್‌ಲ್ಯಾಂಡಿನಲ್ಲಿ, ಹಂಗೇರಿಯ ಗಡಿಗೆ ಸಮೀಪದಲ್ಲಿ ಹೈಲಿಗೆನ್‌ಬ್ರುನ್ ಎಂಬ ಗ್ರಾಮವುಂಟು. ಅಲ್ಲಿ ಸುಣ್ಣ ಬಳಿದ, ಹುಲ್ಲು ಹೊದಿಸಿದ ಪುಟ್ಟ ಮದ್ಯದ ಮನೆಗಳು ಸಾಲಾಗಿ ನಿಂತಿವೆ. ಆ ಸೀಮೆಯವರು ಇಸಬೆಲ್ಲಾ ಮೊದಲಾದ ತಳಿಗಳಿಂದ ಮಾಡುವ ಪಾನೀಯಕ್ಕೆ ಉಹುಡ್ಲರ್ ಎಂದು ಹೆಸರು. ಅದಕ್ಕೆ ಸ್ಟ್ರಾಬೆರಿಯ ಪರಿಮಳ. ಮಾರಾಟಕ್ಕೆ ತಡೆ ಬಂದ ಕಾಲದಲ್ಲಿಯೂ ಅವರು ಅದನ್ನು ಮರೆಯಲಿಲ್ಲ. 1992ರಲ್ಲಿ ಅದನ್ನು ಮಾರುವ ಹಕ್ಕು ಅವರಿಗೆ ಮರಳಿ ದೊರೆಯಿತು.

ನಮ್ಮಲ್ಲಿಯೂ 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬದವರು ತೋಟ ಹೂಡಿದಾಗ ಆರಿಸಿಕೊಂಡದ್ದು ಫ್ರಾನ್ಸಿನ ತಳಿಗಳನ್ನು. ಉತ್ತಮ ಮದ್ಯಕ್ಕೆ ಅವೇ ತಕ್ಕವೆಂಬುದು ಲೋಕದ ಮತ. ನೀಲಿ ದ್ರಾಕ್ಷಿಯಾದರೋ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರಿಗೆ ವರ್ಷಕ್ಕೆ ಎರಡು ಬೆಳೆ ಕೊಡುತ್ತ, ಹಣ್ಣಾಗಿ, ರಸವಾಗಿ, ಜಾಮ್ ಆಗಿ ಮನೆಮನೆಯನ್ನು ಸೇರಿತು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು.

ಮನ್ನಣೆಯ ಪತ್ರವೊಂದೇ ಬಳ್ಳಿಯನ್ನು ಉಳಿಸಲಾರದು. ಬೆಲೆ ಬಿದ್ದ ವರ್ಷ ರೈತನು ಬಳ್ಳಿಯನ್ನು ಕಿತ್ತರೆ ಅವನನ್ನು ದೂರುವವರು ಯಾರು? ಹೈಲಿಗೆನ್‌ಬ್ರುನ್ನಿನ ಬಳ್ಳಿಯನ್ನು ಕಾಯ್ದದ್ದು ಅದರ ರುಚಿಗೆ ಒಗ್ಗಿದ ನಾಲಗೆಗಳು. ನಮ್ಮ ನೀಲಿ ದ್ರಾಕ್ಷಿಯ ಭವಿಷ್ಯವೂ ಸಂತೆಗೆ ಬರುವ ತಾಯಂದಿರ ಕೈಚೀಲದಲ್ಲಿದೆ.