ಹಗ್ಗದ ತುದಿಯ ರಂಪಕ್ಕೆ ಏಟು ಮದ್ದಲ್ಲ

ಬೀದಿಯಿಂದಲೋ ಆಶ್ರಯಧಾಮದಿಂದಲೋ ತಂದು ಸಾಕಿದ ನಾಯಿ ಮನೆಯೊಳಗೆ ಬಂಗಾರದಂಥದ್ದು. ಕರೆದರೆ ಬರುತ್ತದೆ, ಕೂರು ಎಂದರೆ ಕೂರುತ್ತದೆ, ಬಂದವರ ಕಾಲ ಬುಡದಲ್ಲಿ ಮಲಗುತ್ತದೆ. ಸಂಜೆ ವಾಕಿಂಗ್‌ಗೆ ಹೊರಟಾಗ ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ನಾಯಿ ಕಂಡಿತೋ, ಎಲ್ಲ ಕೆಟ್ಟಿತು. ಮೊದಲು ಕಿವಿ ಮುಂದಕ್ಕೆ ನಿಮಿರುತ್ತದೆ, ತೆರೆದ ಬಾಯಿ ಮುಚ್ಚಿಕೊಳ್ಳುತ್ತದೆ, ಬಾಲ ಸೆಟೆಯುತ್ತದೆ. ಲೀಶ್ ಬಿಗಿಯಾಗುತ್ತದೆ. ಮುಂದಕ್ಕೆ ನೆಗೆದು, ಕುತ್ತಿಗೆ ಜಗ್ಗಿ, ಕೀರಲು ದನಿಯಲ್ಲಿ ಬೊಗಳುತ್ತದೆ. ಆ ನಾಯಿ ತಿರುವಿನಲ್ಲಿ ಮರೆಯಾಗುತ್ತಲೇ ಇದು ಗಕ್ಕನೆ ಹಿಂದೆ ತಿರುಗಿ ಲೀಶನ್ನೇ ಕಚ್ಚಿ ಎಳೆದಾಡುತ್ತದೆ. ಅದೂ ಸಾಲದೆ ಹಿಡಿದವರ ತೋಳಿಗೋ ಪ್ಯಾಂಟಿಗೋ ಬಾಯಿ ಹಾಕುತ್ತದೆ. ಒಂದೆರಡು ನಿಮಿಷ ಅಷ್ಟೆ. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮೈ ಕೊಡವಿಕೊಂಡು ಲೈಟ್ ಕಂಬ ಮೂಸಲು ಶುರು. ನೋಡಿದವರು ‘ಬೀದಿಯದ್ದಲ್ವಾ, ಬುದ್ಧಿ ಎಲ್ಲಿ ಹೋಗುತ್ತೆ’ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ. ಸಾಕಿದವರಿಗೆ ಅವಮಾನದ ಜತೆಗೆ ಇನ್ನೊಂದು ಸಂಕಟ: ಅನ್ನ ಹಾಕಿದ ಕೈಗೇ ಬಾಯಿ ಹಾಕಿತಲ್ಲ! ನಾಯಿಗೆ ನಿಯತ್ತಿಲ್ಲ ಎಂಬ ಈ ನೋವೂ ಬೀದಿ ಬುದ್ಧಿ ಎಂಬ ಆ ತೀರ್ಪೂ ಎರಡೂ ತಪ್ಪು ಎಂಬುದು ನನ್ನ ವಾದ. ಈ ರಂಪದಿಂದ ತಿಳಿಯುವುದು ನಾಯಿಯ ಗುಣಕ್ಕಿಂತ ಹೆಚ್ಚಾಗಿ ಆ ವಾಕಿಂಗ್‌ನ ಲೋಪ. ಆದ್ದರಿಂದ ತಿದ್ದುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಬೇಕಾದದ್ದು ಕಣ್ಣೆದುರಿಗಿದ್ದೂ ಕೈಗೆಟುಕದಿದ್ದಾಗ ಹುಟ್ಟುವ ಹತಾಶೆ ಹೇಗೆ ಸಿಟ್ಟಾಗಿ ಹೊರಬರುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞರು ಬಹಳ ಹಿಂದೆಯೇ ಗಮನಿಸಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು ಇದನ್ನು ಸಿದ್ಧಾಂತವಾಗಿ ಮಂಡಿಸಿದ್ದು 1939ರಲ್ಲಿ. ಕಾಯ್ದು ನಿಂತ ಬಸ್ಸು ಸ್ಟಾಪಿನಲ್ಲಿ ನಿಲ್ಲಿಸದೆ ಹೋದರೆ, ಆ ಸಿಟ್ಟು ಹಿಂದೆ ಬಂದ ಆಟೋದವನ ಮೇಲೆ ತಿರುಗುತ್ತದಲ್ಲ, ಅದೇ ಕತೆ. ನಾಯಿಗಳ ಹತಾಶೆಯನ್ನೇ ಅಳೆಯಲು ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಎಲ್ಲ ನಾಯಿಗಳ ಸಹನೆಯ ಮಿತಿ ಒಂದೇ ಅಲ್ಲ, ಹತಾಶೆಯನ್ನು ಭಯದಿಂದಲೂ ಆಕ್ರಮಣದಿಂದಲೂ ಬೇರೆಯಾಗಿ ಗುರುತಿಸಿ ನೋಡಬೇಕು ಎಂಬುದು ಅದರ ಹಿಂದಿನ ತಿಳಿವಳಿಕೆ. ಹರೆಯದ ನಾಯಿಗಳಲ್ಲಿ ಇದು ಇನ್ನೂ ಹೆಚ್ಚು ಕಾಣಿಸುತ್ತದೆ. ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ಮರಿ ಎಂಟನೇ ತಿಂಗಳಿಗೆ ಸಾಕಿದವರ ಮಾತನ್ನೇ ಕಡೆಗಣಿಸುವುದನ್ನು ಸಂಶೋಧಕಿ ಲೂಸಿ ಆಶರ್ ಮತ್ತು ಜತೆಗಾರರು 2020ರ ಅಧ್ಯಯನವೊಂದರಲ್ಲಿ ತೋರಿಸಿದ್ದಾರೆ. ಆ ವಯಸ್ಸಿನಲ್ಲಿ ಅಪರಿಚಿತರು ಹೇಳಿದರೆ ಕೇಳುತ್ತದೆ, ಮನೆಯವರು ಹೇಳಿದರೆ ಕೇಳುವುದಿಲ್ಲ. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಊರುಗಳ ನಾಯಿಗೆ ಇದರ ಮೇಲೆ ಇನ್ನೊಂದು ಭಾರವಿದೆ. ಕೋಲ್ಕತ್ತದ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಅನಿಂದಿತಾ ಭದ್ರಾ ಅವರ ತಂಡ ಬೀದಿನಾಯಿಗಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದೆ. ಅವರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹುಟ್ಟಿದ ನೂರು ಮರಿಗಳಲ್ಲಿ ಏಳು ತಿಂಗಳು ಮುಟ್ಟುವುದು ಸುಮಾರು 19 ಮಾತ್ರ. ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಸಾವಿಗೆ ಮನುಷ್ಯರೇ ಒಂದಲ್ಲ ಒಂದು ಬಗೆಯಲ್ಲಿ ಕಾರಣ. ಹಾಗೆ ಬದುಕುಳಿದ ನಾಯಿ ಎಂದರೆ ಯಾರ ಹತ್ತಿರ ಹೋಗಬೇಕು, ಯಾರನ್ನು ಬಳಸಿಕೊಂಡು ಹೋಗಬೇಕು, ಯಾವಾಗ ಓಡಬೇಕು ಎಂಬುದನ್ನು ತಾನೇ ನಿರ್ಧರಿಸಿ ದಕ್ಕಿಸಿಕೊಂಡ ಜೀವ. ಬೀದಿಯಲ್ಲಿ ಎರಡು ಅಪರಿಚಿತ ನಾಯಿಗಳು ಎದುರಾದರೆ ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬರುವುದು ಕಡಿಮೆ. ಅರ್ಧಚಂದ್ರದಂತೆ ಬಳಸಿ, ನಡುವೆ ನಿಂತು ನೆಲ ಮೂಸಿ, ಮತ್ತೆರಡು ಹೆಜ್ಜೆ ಇಟ್ಟು, ಒಗ್ಗದಿದ್ದರೆ ದೂರ ಸರಿಯುತ್ತವೆ. ಈ ವ್ಯವಹಾರವನ್ನೆಲ್ಲ ನಾವು ನಾಲ್ಕಡಿ ಉದ್ದದ ಪಟ್ಟಿಗೆ ಕಟ್ಟಿಹಾಕುತ್ತೇವೆ. ಹತ್ತಿರ ಹೋಗುವಂತಿಲ್ಲ, ದೂರ ಸರಿಯುವಂತಿಲ್ಲ, ಮೂಸಲು ನಿಂತರೆ ‘ನಡಿ ನಡಿ’. ಕಿರಿದಾದ ಫುಟ್‌ಪಾತ್, ನಿಲ್ಲಿಸಿಟ್ಟ ಬೈಕು, ಹಾರ್ನ್, ಗೇಟಿನೊಳಗಿಂದ ಬೊಗಳುವ ನಾಯಿಗಳು ಒಂದರ ಮೇಲೊಂದು ಪೇರಿಸಿಕೊಂಡು ಕೊನೆಗೆ ಯಾವುದೋ ಒಂದು ಸಣ್ಣ ನೆಪಕ್ಕೆ ಕಟ್ಟೆ ಒಡೆಯುತ್ತದೆ. ಅದಕ್ಕೇ ರಂಪ ಹಲವು ಸಲ ವಾಕಿಂಗ್‌ನ ಕೊನೆಯಲ್ಲಿ, ಮನೆಯ ತಿರುವಿನಲ್ಲಿ, ‘ಸುಮ್‌ಸುಮ್ನೆ’ ಆದಂತೆ ಕಾಣುವುದು.

ಇದಕ್ಕೆ ಊರೊಪ್ಪಿಗೆಯ ಮದ್ದು ಒಂದಿದೆ: ದಂಡಂ ದಶಗುಣಂ. ಲೀಶನ್ನು ಝಾಡಿಸಿ ಎಳೆಯುವುದು, ಮುಳ್ಳಿನ ಚೈನ್ ಹಾಕುವುದು, ಮೂತಿಗೊಂದು ಬಾರಿಸುವುದು, ನೆಲಕ್ಕೆ ಒತ್ತಿ ಹಿಡಿದು ‘ಯಜಮಾನ ಯಾರೆಂದು ತೋರಿಸುವುದು’. ಇದರಿಂದ ಪ್ರಯೋಜನವೇ ಇಲ್ಲ ಎಂದರೆ ಸುಳ್ಳಾದೀತು. ಎಷ್ಟೋ ನಾಯಿಗಳು ಆ ಕ್ಷಣಕ್ಕೆ ತೆಪ್ಪಗಾಗುತ್ತವೆ. ಆ ಪದ್ಧತಿ ಇಷ್ಟು ವರ್ಷ ಬಾಳಿದ್ದೇ ಅದರಿಂದ. ಆದರೆ ತೆಪ್ಪಗಾದ ನಾಯಿ ಕಲಿತದ್ದೇನು? ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪಶುವೈದ್ಯರಾದ ಮೇಗನ್ ಹೆರಾನ್ ಮತ್ತು ಸಂಗಡಿಗರು 2009ರಲ್ಲಿ, ನಾಯಿಯ ನಡವಳಿಕೆಯ ತೊಂದರೆಗೆಂದು ಬಂದ 140 ಮಾಲೀಕರನ್ನು ಪ್ರಶ್ನಿಸಿ ಒಂದು ವರದಿ ಪ್ರಕಟಿಸಿದರು. ಹೊಡೆದಾಗ ಅಥವಾ ಒದ್ದಾಗ 43 ಶೇಕಡ ನಾಯಿಗಳು ತಿರುಗಿಬಿದ್ದಿದ್ದವು. ಅಂಗಾತ ಕೆಡವಿ ಒತ್ತಿ ಹಿಡಿದಾಗ 31 ಶೇಕಡ, ದಿಟ್ಟಿಸಿ ಹೆದರಿಸಿದಾಗ 30 ಶೇಕಡ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ನೋವು ಮತ್ತು ಬೆದರಿಕೆಯಿಂದ ಕಲಿಸುವ ಶಾಲೆಗಳ ನಾಯಿಗಳಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಹೆಚ್ಚಿಗೆ ಏರಿತ್ತು. ಮೊದಲೇ ಹತಾಶೆಯಲ್ಲಿ ಕುದಿಯುತ್ತಿರುವ ಪ್ರಾಣಿಗೆ ನೋವನ್ನೂ ಸೇರಿಸಿದರೆ, ‘ಇನ್ನೊಂದು ನಾಯಿ ಕಂಡರೆ ಕುತ್ತಿಗೆಗೆ ಕುತ್ತು’ ಎಂಬ ಪಾಠ ಮಾತ್ರ ಗಟ್ಟಿಯಾಗುತ್ತದೆ. ಹತ್ತಿರ ಹೋಗುವ ಆಸೆಯಿಂದ ಶುರುವಾದದ್ದು ನಿಜವಾದ ದ್ವೇಷವಾಗಿ ಮಾಗುವುದು ಹೀಗೆ. ಇನ್ನೂ ಅಪಾಯದ ಮಾತೆಂದರೆ, ಗುರ್ ಎಂದದ್ದಕ್ಕೆ ಏಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಟ್ಟು ಮುಂದಿನ ಸಲ ಸೀದಾ ಕಚ್ಚಬಹುದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ದೂರ. ಇನ್ನೊಂದು ನಾಯಿಯನ್ನು ನೋಡಿಯೂ ನಿಮ್ಮ ನಾಯಿ ನಿಮ್ಮ ಕಡೆ ತಿರುಗಬಲ್ಲಷ್ಟು ದೂರ ಎಷ್ಟೆಂದು ಕಂಡುಕೊಳ್ಳಬೇಕು. ಒಂದಕ್ಕೆ ಅದು ಹತ್ತು ಮೀಟರ್, ಇನ್ನೊಂದಕ್ಕೆ ಇಡೀ ಮೈದಾನದಷ್ಟು. ಕಿವಿ ನಿಮಿರಿ ಬಾಯಿ ಮುಚ್ಚಿದ ಆ ಕ್ಷಣವೇ ಸುಳಿವು. ಕೆಲಸ ಮಾಡಬೇಕಾದದ್ದು ಆಗ, ರಂಪ ಶುರುವಾದ ಮೇಲಲ್ಲ. ಹೆಸರು ಹಿಡಿದು ಕರೆದು, ಬೇಯಿಸಿದ ಕೋಳಿಯ ಚೂರೋ ಮೊಟ್ಟೆಯ ಚೂರೋ ಕೊಟ್ಟು, ಬಂದ ದಾರಿಗೇ ತಿರುಗಿ ನಡೆಯುವುದು. ಕುತ್ತಿಗೆಯ ಬೆಲ್ಟಿನ ಬದಲು ಎದೆಗೆ ಹೊಂದುವ ಹಾರ್ನೆಸ್, ಜನವಿಲ್ಲದ ಕಡೆ ಉದ್ದ ಹಗ್ಗ. ಮುಖ್ಯವಾಗಿ, ಮೂಸಲು ಬಿಡುವುದು. ವಾಕಿಂಗ್ ಎಂದರೆ ಹೆಜ್ಜೆಯೆಣಿಕೆ ಎಂದುಕೊಂಡವರಿಗೆ ಇದು ಸಮಯ ಹಾಳು ಎನಿಸುತ್ತದೆ. ಆದರೆ ಎರಡು ವಾರ ಮೂಗಿನ ಆಟ ಆಡಿಸಿದ ನಾಯಿಗಳು ಗೊತ್ತಿಲ್ಲದ ಸನ್ನಿವೇಶದಲ್ಲೂ ಒಳ್ಳೆಯದನ್ನೇ ನಿರೀಕ್ಷಿಸುವತ್ತ ವಾಲಿದ್ದನ್ನು ಸಂಶೋಧಕಿಯರಾದ ಶಾರ್ಲಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ 2019ರಲ್ಲಿ ತೋರಿಸಿದ್ದಾರೆ. ಅರ್ಧ ಗಂಟೆ ಎಳೆದಾಡಿಸುವುದಕ್ಕಿಂತ ಹದಿನೈದು ನಿಮಿಷ ಹುಲ್ಲು ಮೂಸಲು ಬಿಡುವುದು ಮೇಲು. ಇಷ್ಟರ ಮೇಲೂ ಲೀಶ್ ಕಚ್ಚಿ ಎಳೆದಾಡಲು ಶುರುಮಾಡಿದರೆ? ಕೂಗಾಡದೆ, ಎದುರೆಳೆಯದೆ ಮರದಂತೆ ನಿಲ್ಲಬೇಕು. ನೀವೂ ಎಳೆದರೆ ಅದು ಹಗ್ಗ ಜಗ್ಗಾಟವಾಗಿ, ಆ ಆಟಕ್ಕೇ ರುಚಿ ಹತ್ತುತ್ತದೆ. ಎರಡು ಲೀಶ್ ಕಟ್ಟಿಕೊಂಡು, ಕಚ್ಚಿದ್ದನ್ನು ಸಡಿಲ ಬಿಟ್ಟು ಇನ್ನೊಂದನ್ನು ಹಿಡಿದುಕೊಂಡರೆ ಜಗ್ಗಲು ಎದುರಾಳಿಯೇ ಇರುವುದಿಲ್ಲ. ಬಾಯಿ ಬಿಟ್ಟ ಮೇಲೆ ಒಂದಿಷ್ಟು ಉಸಿರಾಡಲು ಬಿಟ್ಟು ನೆಲದ ಮೇಲೆ ತಿಂಡಿ ಚೆಲ್ಲಿ, ಹತ್ತಿರದ ದಾರಿಯಲ್ಲಿ ಮನೆಗೆ. ಹಲ್ಲು ಚರ್ಮಕ್ಕೆ ತಾಗಿ ಗೀರಿದರೂ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೇಬೀಸ್ ವಿಷಯದಲ್ಲಿ ಸಾಕಿದ ನಾಯಿಯೆಂಬ ಸಲಿಗೆ ಬೇಡ.

ತಿಂಡಿ ಕೊಟ್ಟರೆ ರಂಪಕ್ಕೇ ಬಹುಮಾನ ಕೊಟ್ಟಂತಲ್ಲವೇ ಎಂಬ ಆಕ್ಷೇಪದಲ್ಲಿ ಅರ್ಧ ಹುರುಳಿದೆ. ಪ್ರತಿಸಲ ಲೀಶ್ ಕಚ್ಚಿದ ಕೂಡಲೇ ಬಿಸ್ಕತ್ತು ತೋರಿಸಿದರೆ, ‘ಕಚ್ಚು, ಬಿಸ್ಕತ್ತು ಬರುತ್ತದೆ’ ಎಂದು ಕಲಿಯುವ ಜಾಣತನ ನಾಯಿಗಿದೆ. ಆದ್ದರಿಂದಲೇ ಕೊಡುವ ಹೊತ್ತು ಮುಖ್ಯ: ಇನ್ನೊಂದು ನಾಯಿ ಕಂಡ ತಕ್ಷಣ, ರಂಪಕ್ಕೆ ಮೊದಲು. ಆಗ ಬದಲಾಗುವುದು ಆ ದೃಶ್ಯದ ಅರ್ಥ. ಸಿಟ್ಟು, ಹತಾಶೆ ಬಹುಮಾನದಿಂದ ಹೆಚ್ಚುವಂಥವಲ್ಲ. ಅವುಗಳ ಬೆನ್ನಿಗೆ ಕಲಿತ ಚಾಳಿ ಮಾತ್ರ ಹೆಚ್ಚಬಹುದು. ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ 2021ರ ತನ್ನ ನಿಲುವಿನಲ್ಲಿ, ಆಕ್ರಮಣದ ಲಕ್ಷಣವಿರುವ ನಾಯಿಗಳೂ ಸೇರಿ ಎಲ್ಲಕ್ಕೂ ಬಹುಮಾನ ಆಧಾರಿತ ವಿಧಾನವನ್ನೇ ಸೂಚಿಸಿದ್ದು ಸುಮ್ಮನೆ ಅಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರಸ್ತೆಯಲ್ಲಿ ನಡೆಯುವ ಬೇರೆಯವರದು. ನಿಮ್ಮ ನಾಯಿಯ ಮನಸ್ಸು ಕಟ್ಟಿಕೊಂಡು ನಮಗೇನು, ನಮ್ಮ ಮಗು ಹೆದರಿ ಅಳುತ್ತಿದೆ ಎಂದು ಅವರು ಕೇಳಿದರೆ ತಪ್ಪಿಲ್ಲ. ರಸ್ತೆ ಅವರದೂ ಹೌದು. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ತಕ್ಕ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಆರು ತಿಂಗಳವರೆಗಿನ ಜೈಲು ಅಥವಾ ದಂಡ ಹೇಳುತ್ತದೆ. ಅದನ್ನು ಪ್ರಾಣಿವಿರೋಧಿ ಎಂದು ಮೂಗುಮುರಿಯುವುದು ಸಲ್ಲ. ನನ್ನ ಉತ್ತರ ಇಷ್ಟೆ: ದೂರ ಕಾಯುವುದು ನಾಯಿಗೆ ತೋರುವ ಕರುಣೆ ಹೇಗೋ ದಾರಿಹೋಕರಿಗೆ ಕೊಡುವ ರಕ್ಷಣೆಯೂ ಹಾಗೆ. ಮುಳ್ಳಿನ ಚೈನ್ ಬಿಗಿದು ಮಗುವಿನ ಪಕ್ಕದಲ್ಲೇ ನಾಯಿಯನ್ನು ಹಾಯಿಸುವವರಿಗಿಂತ, ಎದುರು ಯಾರೋ ಬರುತ್ತಿದ್ದಾರೆಂದು ರಸ್ತೆ ದಾಟುವವರಿಂದ ಎಲ್ಲರಿಗೂ ಕ್ಷೇಮ. ನಾಯಿಗೆ ಕಚ್ಚಿದ ಚರಿತ್ರೆಯಿದ್ದರೆ ಮೂತಿಗೆ ಬುಟ್ಟಿಯಂಥ ಕುಕ್ಕೆ ಹಾಕುವುದರಲ್ಲಿ ನಾಚಿಕೆಯೇನಿಲ್ಲ. ತಿಂಡಿ ಇಟ್ಟು ನಿಧಾನಕ್ಕೆ ಅಭ್ಯಾಸ ಮಾಡಿಸಬೇಕು; ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದ್ದಾಗಿರಬೇಕು.

ಆದರೆ ವಿದೇಶಿ ಪುಸ್ತಕಗಳ ‘ದೂರ’ ಇಲ್ಲಿ ಹಾಗೇ ಸಿಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಆಗಿನ ಬಿಬಿಎಂಪಿ 2023ರಲ್ಲಿ ಮಾಡಿಸಿದ ಎಣಿಕೆಯ ಪ್ರಕಾರ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ನೀವು ರಸ್ತೆ ದಾಟಿದರೆ ಅವೂ ದಾಟಿ ಬರುತ್ತವೆ. ಆದರೂ ಬೀದಿನಾಯಿಗಳ ಗುಂಪಿಗೆ ಗಡಿಯಿದೆ, ವೇಳಾಪಟ್ಟಿಯೂ ಇದೆ. ಊಟ ಹಾಕುವವರು ಬರುವ ಹೊತ್ತು, ಕಸದ ಗಾಡಿಯ ಹೊತ್ತು, ಬಿಸಿಲೇರಿ ಅವೆಲ್ಲ ಕಾರಿನಡಿ ಮಲಗುವ ಹೊತ್ತು ಯಾವುದೆಂದು ಒಂದು ವಾರ ಗಮನಿಸಿದರೆ ದಾರಿ ಬದಲಿಸಬಹುದು. ಬಿಸಿ ಡಾಂಬರಿನಿಂದ ಪಾದ ಸುಡದಂತೆ ನೋಡಿಕೊಂಡರಾಯಿತು. ತೀರಾ ಕಷ್ಟವಾದ ದಿನ ವಾಕಿಂಗ್ ಬಿಟ್ಟು ತಾರಸಿಯಲ್ಲಿ ತಿಂಡಿ ಹುಡುಕುವ ಆಟ ಆಡಿಸಿದರೆ ನಾಯಿಗೆ ನಷ್ಟವಿಲ್ಲ.

‘ನಾಯಿ ಬಾಲ ಯಾವತ್ತೂ ಡೊಂಕೇ’ ಎಂದು ಕೈಚೆಲ್ಲುವವರಿಗೆ ಒಂದು ಪ್ರಶ್ನೆ: ಅದಕ್ಕೆ ಎಲ್ಲಾದರೂ ನೋಯುತ್ತಿದೆಯೇ ಎಂದು ನೋಡಿದ್ದೀರಾ? ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ನಡವಳಿಕೆಯ ತೊಂದರೆಗೆಂದು ತಜ್ಞರ ಬಳಿ ಬರುವ ನಾಯಿಗಳಲ್ಲಿ ಕಡಿಮೆಯೆಂದರೂ ಮೂರನೇ ಒಂದು ಭಾಗಕ್ಕೆ ಯಾವುದೋ ನೋವಿರುತ್ತದೆ. ಅಪಘಾತದಲ್ಲಿ ಮುರಿದು ತಾನೇ ಕೂಡಿಕೊಂಡ ಕಾಲು, ಕಿವಿಯ ಸೋಂಕು, ಉಣ್ಣೆಗಳಿಂದ ಬರುವ ಜ್ವರ ಬೀದಿಯಿಂದ ಬಂದ ನಾಯಿಗೆ ಅಪರೂಪವಲ್ಲ. ತರಬೇತುದಾರರನ್ನು ಹುಡುಕುವ ಮೊದಲು ಪಶುವೈದ್ಯರನ್ನು ಕಾಣಬೇಕು.

ಇದೆಲ್ಲ ಈಗ ಮನೆಮನೆಯ ಖಾಸಗಿ ವಿಷಯವಾಗಿ ಉಳಿದಿಲ್ಲ. ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ದತ್ತುವಿಗೆ ಬಾಗಿಲು ತೆರೆದಿಟ್ಟಿತು. ದತ್ತು ಹೋದ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ದತ್ತು ಪಡೆದವರ ಮೇಲೆಯೇ ಇಟ್ಟಿತು. ಹಿಂದಕ್ಕೆ ಬಿಡುವಂತಿಲ್ಲ ಎಂದ ಮೇಲೆ, ದತ್ತು ಶಿಬಿರಗಳಲ್ಲಿ ಮರಿಯ ಮುದ್ದು ಮುಖದ ಫೋಟೊ ಮಾತ್ರ ತೋರಿಸಿ ಕೈದಾಟಿಸುವುದು ಅನ್ಯಾಯ. ಮೊದಲ ವಾರಗಳಲ್ಲಿ ಉದ್ದ ವಾಕಿಂಗ್ ಬೇಡ, ಎಂಟು-ಹತ್ತು ತಿಂಗಳ ವಯಸ್ಸಿನಲ್ಲಿ ಹೀಗೆ ರಂಪ ಮಾಡಬಹುದು, ಆಗ ಇಂಥವರನ್ನು ಕೇಳಿ ಎಂದು ಕೊಡುವವರು ಬರೆದು ಕೊಡಬೇಕು. ಆರು ತಿಂಗಳಾದ ಮೇಲೆ ಒಂದು ಫೋನ್ ಮಾಡಿ ವಿಚಾರಿಸಬೇಕು. ಅಪಾರ್ಟ್‌ಮೆಂಟ್ ಸಂಘಗಳಿಗೂ ಇದರಲ್ಲಿ ಪಾಲಿದೆ. ನಾಯಿ ಸಾಕಿದವರಿಗೆ ನೋಟಿಸ್ ಅಂಟಿಸುವುದರಲ್ಲಿ ಇರುವ ಹುರುಪಿನ ಕಾಲುಭಾಗವನ್ನು, ಲಿಫ್ಟಿನಲ್ಲಿ ಎರಡು ನಾಯಿಗಳು ಮುಖಾಮುಖಿಯಾಗದಂತೆ ಹೊತ್ತು ಹಂಚಿಕೊಡಲು, ಹಿಂದಿನ ಗೇಟನ್ನು ಬೆಳಿಗ್ಗೆ ಸಂಜೆ ಒಂದೊಂದು ತಾಸು ತೆರೆದಿಡಲು ಬಳಸಿದರೆ, ಆ ನೋಟಿಸಿನ ಅಗತ್ಯವೇ ಬಹುಪಾಲು ತಪ್ಪುತ್ತದೆ.